ತೋಪ್‌ಕಾಪಿ ಅರಮನೆ ಮತ್ತು ಮೈಸೂರಿನ ದೂತರು

ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಭಂಡಾರದಲ್ಲಿ 86 ಕ್ಯಾರೆಟ್ಟಿನ ವಜ್ರವನ್ನು ಎಲ್ಲರಂತೆ ನಾವೂ ನೋಡಿದೆವು. ಅದರ ವರ್ಣನೆ ಇಲ್ಲಿ ಅನಾವಶ್ಯಕ. ನಮ್ಮನ್ನು ತಡೆದು ನಿಲ್ಲಿಸಿದ್ದು ಮೂರನೆಯ ಅಂಗಳದ ಬಾಗಿಲು ದಾಟಿದೊಡನೆ ಎದುರಾಗುವ ಸಂದರ್ಶನ ಮಂದಿರ.

1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಗೆದ್ದ ಎರಡನೆಯ ಮೆಹ್ಮದನು ಕಟ್ಟಿಸಲಾರಂಭಿಸಿದ ಅರಮನೆಯಿದು. ಪರದೇಶದ ರಾಯಭಾರಿಗಳಿಗೆ ಗೌರವದ ನಿಲುವಂಗಿ ತೊಡಿಸಿ, ಇಬ್ಬರು ಸೇವಕರು ಇಕ್ಕೆಲದಲ್ಲಿ ತೋಳು ಹಿಡಿದು, ಸುಲ್ತಾನನ ಸನ್ನಿಧಿಗೆ ಕರೆತರುವುದು ಪದ್ಧತಿ. ಬಾಗಿಲ ಬಳಿಯ ಕಾರಂಜಿಯ ಸದ್ದು ಒಳಗಿನ ಮಾತನ್ನು ಮರೆಸುತ್ತಿತ್ತಂತೆ.

1787ರಲ್ಲಿ ಈ ನಗರಕ್ಕೆ ಟಿಪ್ಪು ಸುಲ್ತಾನನ ನಿಯೋಗವೊಂದು ಗುಲಾಂ ಅಲಿ ಖಾನನ ಮುಂದಾಳುತನದಲ್ಲಿ ಬಂದಿತ್ತು. ಅದು ಕೋರಿದ್ದು ಇಂಗ್ಲಿಷರ ವಿರುದ್ಧ ನೆರವನ್ನು. ಬಸ್ರಾ ಬಂದರಿಗೆ ಪ್ರತಿಯಾಗಿ ಕೊಡಲೊಪ್ಪಿದ್ದು ಮಂಗಳೂರನ್ನು! ನಮ್ಮಲ್ಲಿ ಕರಾವಳಿಯವರು ಇದನ್ನು ಕೇಳಿ ಬೆಚ್ಚಿಬಿದ್ದರೆ ಆಶ್ಚರ್ಯವಿಲ್ಲ. ಸುಲ್ತಾನ ಒಂದನೆಯ ಅಬ್ದುಲ್ ಹಮೀದನು ದೂತರನ್ನು ಆದರಿಸಿದನು. ಆದರೆ ಅದೇ ವರ್ಷ ರಷ್ಯದೊಡನೆ ಯುದ್ಧಕ್ಕಿಳಿದಿದ್ದ ತುರ್ಕರಿಗೆ ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವುದು ಸಾಧ್ಯವಿರಲಿಲ್ಲ. ಸೈನ್ಯ ಬರಲಿಲ್ಲ. ನಿಯೋಗದ ಎಷ್ಟೋ ಜನ ಪ್ರಯಾಣದಲ್ಲೇ ರೋಗಕ್ಕೆ ಬಲಿಯಾದರು.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿದಾಗ, ಆಗಿನ ಸುಲ್ತಾನ ಮೂರನೆಯ ಸಲೀಮನು ಫ್ರೆಂಚರ ಸ್ನೇಹ ಬಿಡುವಂತೆ ಟಿಪ್ಪುವಿಗೆ ಪತ್ರ ಬರೆದನು. ಅದನ್ನು ತಲುಪಿಸಿದವರು ಇಂಗ್ಲಿಷರೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಅವರ ಕೈವಶವಾಯಿತು. ಟಿಪ್ಪು ಕಾದಾಡುತ್ತ ಮಡಿದನು.

ನಮ್ಮ ಮಾರ್ಗದರ್ಶಿ ವೆನಿಸಿನ, ಫ್ರಾನ್ಸಿನ ದೂತರ ವಿಷಯ ಹೇಳಿದ. ಮೈಸೂರಿನ ಹೆಸರನ್ನು ನಾವೇ ಎತ್ತಬೇಕಾಯಿತು.