ಶಾಸಕನ ನಿವೃತ್ತಿ: ನಮ್ಮ ಸೀಮೆಯ ಎರಡು ನಿದರ್ಶನಗಳು

ಅರುವತ್ತು ತುಂಬಿದೊಡನೆ ಸರಕಾರಿ ಶಾಲೆಯ ಉಪಾಧ್ಯಾಯನೂ ತಾಲೂಕು ಕಚೇರಿಯ ಗುಮಾಸ್ತನೂ ಕೆಲಸದಿಂದ ನಿವೃತ್ತರಾಗುವರು. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೆ 62, ಸರ್ವೋಚ್ಚ ನ್ಯಾಯಾಲಯದವರಿಗೆ 65 ವರ್ಷಗಳೆಂದು ರಾಜ್ಯಾಂಗವೇ ಗೊತ್ತುಪಡಿಸಿದೆ. ಆದರೆ ಇವರೆಲ್ಲರೂ ತಲೆಬಾಗಬೇಕಾದ ಕಾನೂನನ್ನು ರಚಿಸುವ ಶಾಸಕನಿಗೆ ಮಾತ್ರ ಅಂತಹ ಎಲ್ಲೆಯಿಲ್ಲ. ವಿಧಾನಸಭೆಯನ್ನು ಹೊಗಲು 25 ವರ್ಷ ತುಂಬಿರಬೇಕೆಂದು ವಿಧಿಸಿದ ರಾಜ್ಯಾಂಗವು, ಅಲ್ಲಿಂದ ಎಂದು ಹೊರಡಬೇಕೆಂಬುದನ್ನು ಹೇಳಲಿಲ್ಲ. ಇದು ಯುಕ್ತವೇ ಎಂಬ ಪ್ರಶ್ನೆಗೆ ಉತ್ತರವನ್ನು ಅನ್ಯತ್ರ ಅರಸುವ ಮೊದಲು ನಮ್ಮ ಸೀಮೆಯ ಚರಿತ್ರೆಯನ್ನು ನೋಡುವುದು ಲೇಸು.

ಕುಂದಾಪುರ ಕ್ಷೇತ್ರದಿಂದ 1983, 1985, 1989 ಮತ್ತು 1994ರಲ್ಲಿ ಶ್ರೀ ಕೆ. ಪ್ರತಾಪಚಂದ್ರ ಶೆಟ್ಟರು ಆರಿಸಿಬಂದರು. 1999ರಿಂದ 2018ರವರೆಗಿನ ಐದು ಚುನಾವಣೆಗಳಲ್ಲಿ ಶ್ರೀ ಹಾಲಾಡಿ ಶ್ರೀನಿವಾಸ ಶೆಟ್ಟರು ಗೆದ್ದರು. 2013ರಲ್ಲಂತೂ ಪಕ್ಷದ ಆಸರೆಯಿಲ್ಲದೆಯೇ ಗೆದ್ದರು. ನಲ್ವತ್ತು ವರ್ಷ, ಒಂಬತ್ತು ಚುನಾವಣೆ, ಇಬ್ಬರೇ ಶಾಸಕರು! ಇದು ಮತದಾರರ ವಿಶ್ವಾಸಕ್ಕೆ ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅಷ್ಟು ಕಾಲದಲ್ಲಿ ಕ್ಷೇತ್ರದ ಎಷ್ಟು ಮಂದಿ ಸಮರ್ಥರು ಕಾದು ಕಾದು ತಾವೇ ಮುದುಕರಾಗಿರಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ವಯಸ್ಸಿನ ಎಲ್ಲೆಯಿಂದ ಇದಕ್ಕೆ ಪರಿಹಾರ ದೊರಕುತ್ತಿತ್ತೇ? ಇಲ್ಲ. 25ರಲ್ಲಿ ಆಯ್ಕೆಯಾದವನು 65ರ ಎಲ್ಲೆಯನ್ನು ಮೀರದೆಯೇ ನಲ್ವತ್ತು ವರ್ಷ ಅದೇ ಪೀಠದಲ್ಲಿ ಕುಳಿತಿರಬಹುದಷ್ಟೆ.

ಇನ್ನು ಎರಡನೆಯ ನಿದರ್ಶನ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು, 1989ರಲ್ಲಿ ನೆರೆಯ ಉತ್ತರ ಕನ್ನಡದಿಂದ ಲೋಕಸಭೆಗೆ ಪಕ್ಷೇತರ ಉಮೇದುವಾರರಾಗಿ ನಿಂತರು. ಆಗ ಅವರಿಗೆ 87 ವರ್ಷ. ಕೈಗಾದ ಅಣುಸ್ಥಾವರವನ್ನು ವಿರೋಧಿಸಿ, ಪಶ್ಚಿಮಘಟ್ಟದ ಕಾಡು ಹೊಳೆಗಳ ಪರವಾಗಿ ಮಾತನಾಡುವುದಕ್ಕೆ ಅವರು ಕಣಕ್ಕಿಳಿದರು. ಪದವಿಯ ಆಸೆ ಅವರಿಗಿರಲಿಲ್ಲ. ಹದಿನೆಂಟು ತುಂಬಿದವರು ಲೋಕಸಭೆಗೆ ಮೊದಲಬಾರಿ ಓಟು ಹಾಕಿದುದೂ ಆ ಚುನಾವಣೆಯಲ್ಲಿಯೇ. ಕಾರಂತರು ಗೆಲ್ಲಲಿಲ್ಲ. ಆದರೆ ಅವರನ್ನು ಬೇಡವೆಂದವರು ಮತದಾರರು, ಜನ್ಮಪತ್ರಿಕೆಯಲ್ಲ. ಕಾನೂನೇ ಅಡ್ಡ ಬಂದಿದ್ದರೆ, ಮುಂದಿನ ತಲೆಮಾರಿನ ಅರಣ್ಯಕ್ಕಾಗಿ ಒಬ್ಬ ವೃದ್ಧನು ಎತ್ತಿದ ಧ್ವನಿಯನ್ನು ತೂಗಿನೋಡುವ ಅವಕಾಶವೇ ಜನರಿಗೆ ಇರುತ್ತಿರಲಿಲ್ಲ.

ವೃದ್ಧಾಪ್ಯದಲ್ಲಿ ಶಕ್ತಿಯು ಕುಂದುವುದು ಸುಳ್ಳಲ್ಲ. ಆದರೆ ಅದು ಎಲ್ಲರಿಗೂ ಒಂದೇ ವರ್ಷದಲ್ಲಿ ಬರುವುದಿಲ್ಲ. ಮೊರಾರ್ಜಿ ದೇಸಾಯಿಯವರು 1977ರಲ್ಲಿ ಪ್ರಧಾನಿಯಾದುದು 81ನೆಯ ವಯಸ್ಸಿನಲ್ಲಿ. ಆದುದರಿಂದ ನಾವು ಎಣಿಸಬೇಕಾದುದು ಮನುಷ್ಯನು ಬದುಕಿದ ವರ್ಷಗಳನ್ನಲ್ಲ, ಪೀಠದಲ್ಲಿ ಕುಳಿತ ವರ್ಷಗಳನ್ನು. ಗ್ರಾಮ ಪಂಚಾಯತುಗಳಲ್ಲಿ ಮೀಸಲಾತಿಯು ಸರದಿಯಂತೆ ತಿರುಗುವುದರಿಂದ ಅಧ್ಯಕ್ಷ ಪದವಿಯು ಒಬ್ಬರಲ್ಲಿಯೇ ನಿಲ್ಲುವುದು ಕಷ್ಟ; ಹೊಸಬರು, ವಿಶೇಷವಾಗಿ ಹೆಂಗಸರು, ಆಡಳಿತವನ್ನು ಕಲಿತುದು ಹಾಗೆ. ವಿಧಾನಸಭೆಗೆ ಅಂತಹ ನಿಯಮವಿಲ್ಲ. ಅಮೆರಿಕದವರು ತಮ್ಮ ಅಧ್ಯಕ್ಷನು ಎರಡಕ್ಕಿಂತ ಹೆಚ್ಚು ಬಾರಿ ಆರಿಸಿಬರಬಾರದೆಂದು 1951ರಲ್ಲಿ ರಾಜ್ಯಾಂಗಕ್ಕೆ ಸೇರಿಸಿದ ವಿಧಿಯು ಇಲ್ಲಿ ವಿಚಾರಾರ್ಹವಾಗಿದೆ.

ಅಂತಹ ಕಾನೂನು ಬರುವವರೆಗೆ ಉಳಿದಿರುವುದು ಸ್ವವಿವೇಕವೊಂದೇ. 2023ರಲ್ಲಿ ಹಾಲಾಡಿಯವರು ಸೋಲದೆಯೇ, ಇನ್ನು ತಾವು ಚುನಾವಣೆಗೆ ನಿಲ್ಲುವುದಿಲ್ಲವೆಂದು ಪ್ರಕಟಿಸಿದರು. ಕುಂದಾಪುರವು ನಲ್ವತ್ತು ವರ್ಷಗಳಲ್ಲಿ ಮೂರನೆಯ ಶಾಸಕನನ್ನು ಕಂಡಿತು. ಜನರು ಸಾಕೆನ್ನುವುದಕ್ಕೆ ಮುಂಚೆ ತಾನೇ ಸಾಕೆನ್ನುವುದು ನಮ್ಮ ರಾಜಕಾರಣದಲ್ಲಿ ಅಪೂರ್ವವಾದುದು. ಅದು ಅಪೂರ್ವವಾಗಿ ಉಳಿಯದೆ ವಾಡಿಕೆಯಾದರೆ, ವೃದ್ಧರಿಗೆ ಗೌರವವೂ ತರುಣರಿಗೆ ದಾರಿಯೂ ಒಟ್ಟಿಗೆ ದೊರೆಯುವುವು.