ಒಂಟಿ ಸೀಟಿನ ಗಾಡಿ

ಕಾಲಿನ ಶಕ್ತಿ ಕಳೆದುಕೊಂಡವರು ವಾಹನ ಕೊಳ್ಳಲು ಹೊರಟಾಗ ಮೊದಲು ಏಳುವುದು ಯಂತ್ರದ ಪ್ರಶ್ನೆಗಳು. ಬ್ರೇಕನ್ನು ಕೈಯಲ್ಲಿ ಹಿಡಿಯಬಹುದೇ? ಗಾಲಿಕುರ್ಚಿಯಿಂದ ಸೀಟಿಗೆ ಜರುಗುವುದು ಹೇಗೆ? ಮಡಚಿದ ಕುರ್ಚಿಯನ್ನು ಎಲ್ಲಿಡುವುದು? ಇವಕ್ಕೆಲ್ಲ ಒಬ್ಬ ಒಳ್ಳೆಯ ಮೆಕ್ಯಾನಿಕ್ ಉತ್ತರ ಹೇಳಬಲ್ಲ. ಆದರೆ ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳಬೇಕು, ಯಾವ ಗಾಡಿ ಬೇಕೆಂದು ಯಾರು ತೀರ್ಮಾನಿಸಬೇಕು ಎನ್ನುವ ಪ್ರಶ್ನೆಗಳು ಅವನ ಕೈಮೀರಿದವು. ಬ್ರಿಟನ್ನಿನಲ್ಲಿ ಸುಮಾರು ಮೂರು ದಶಕ ಕಾಲ ಸಾವಿರಾರು ಜನರ ಪರವಾಗಿ ಇವಕ್ಕೆ ಸರ್ಕಾರವೇ ಉತ್ತರ ಕೊಟ್ಟಿತ್ತು. ಆ ಉತ್ತರಕ್ಕೆ ಮೂರು ಚಕ್ರಗಳಿದ್ದವು, ಸೀಟು ಮಾತ್ರ ಒಂದೇ.

ಕಥೆ ಶುರುವಾದದ್ದು ಮನೆಯೊಳಗಿನ ಅಕ್ಕರೆಯಿಂದ. ಎಸೆಕ್ಸ್ ಪ್ರಾಂತ್ಯದ ಬರ್ಟ್ ಗ್ರೀವ್ಸ್ ಎಂಬ ಎಂಜಿನಿಯರನ ಸೋದರಸಂಬಂಧಿ ಡೆರಿ ಪ್ರೆಸ್ಟನ್-ಕಾಬ್‌ನಿಗೆ ಕಾಲುಗಳಲ್ಲಿ ಸ್ವಾಧೀನವಿರಲಿಲ್ಲ. ಅವನು ಓಡಾಡಲೆಂದು ಗ್ರೀವ್ಸ್ ಒಂದು ಮೋಟಾರು ಗಾಡಿಯನ್ನು ಹೊಂದಿಸಿಕೊಟ್ಟ. ಎರಡನೆಯ ಮಹಾಯುದ್ಧ ಮುಗಿದು, ಅಂಗ ಕಳೆದುಕೊಂಡ ಸೈನಿಕರು ಊರೂರಿಗೆ ಮರಳಿದ್ದ ಕಾಲ ಅದು. ಇಬ್ಬರೂ ಸೇರಿ ಇನ್ವಾಕಾರ್ ಎಂಬ ಕಂಪನಿ ಕಟ್ಟಿದರು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಇಂಥ ಗಾಡಿಗಳನ್ನು ಸರ್ಕಾರ ಕೊಂಡು, ಅರ್ಹರಾದವರಿಗೆ ಉಚಿತವಾಗಿ ಓಡಿಸಲು ಕೊಡತೊಡಗಿತು. ಬೇರೆ ಕಂಪನಿಗಳೂ ಇವನ್ನು ತಯಾರಿಸಿದವು.

ಈ ಗಾಡಿಯನ್ನು ಹೀಗಳೆಯುವುದು ಸುಲಭ. ಅದು ಕೊಟ್ಟದ್ದನ್ನು ಮರೆಯಬಾರದು. ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಬಿಡುವಿಗೆ ಕಾಯುತ್ತಿದ್ದವರು ಈಗ ತಾವೇ ಕೆಲಸಕ್ಕೆ ಹೋದರು, ಪೇಟೆಗೆ ಹೋದರು. ಫುಟ್‌ಬಾಲ್ ಮೈದಾನಗಳ ಅಂಚಿನಲ್ಲಿ ಸಾಲಾಗಿ ನಿಂತ ತಿಳಿನೀಲಿ ತ್ರಿಚಕ್ರಗಳು ಆ ಕಾಲದ ಚಿತ್ರಗಳಲ್ಲಿ ಕಾಣುತ್ತವೆ. ಯಾರ ಹಂಗೂ ಇಲ್ಲದೆ ಮನೆಯಿಂದ ಹೊರಬೀಳುವುದು ಸಣ್ಣ ಸುಖವಲ್ಲ.

ಆದರೆ ಅದರಲ್ಲಿ ಇನ್ನೊಬ್ಬರನ್ನು ಕರೆದೊಯ್ಯುವಂತಿರಲಿಲ್ಲ. ನಿಯಮವೇ ಅದನ್ನು ತಡೆಯುತ್ತಿತ್ತು. ಗಂಡ ಗಾಡಿಯಲ್ಲಿ ಹೊರಟರೆ ಹೆಂಡತಿ ಬಸ್ಸು ಹಿಡಿಯಬೇಕು. ತಾಯಿ ತನ್ನ ಮಗುವನ್ನು ಕೂರಿಸಿಕೊಳ್ಳುವಂತಿಲ್ಲ. ಅಂಗವೈಕಲ್ಯವಿರುವ ವ್ಯಕ್ತಿಗೆ ಸಂಸಾರವಿರಬಹುದು, ಪ್ರೇಮವಿರಬಹುದು, ಜೊತೆಗಾರರಿರಬಹುದು ಎಂಬುದು ಆ ನಕ್ಷೆಯನ್ನು ಬರೆದವರ ಲೆಕ್ಕದಲ್ಲೇ ಇರಲಿಲ್ಲ. ಫೈಬರ್ ಗ್ಲಾಸಿನ ಹಗುರ ಮೈ, ಮುಂದೆ ಒಂದೇ ಚಕ್ರ. ಸುರಕ್ಷತೆಯ ಬಗ್ಗೆಯೂ ದೂರುಗಳು ಎದ್ದವು. ರಸ್ತೆಯಲ್ಲಿ ಆ ಬಣ್ಣ ಕಂಡರೆ ಸಾಕು, ಒಳಗಿರುವವರು ಯಾರೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಚಾಲಕರೇ ಸಂಘಟಿತರಾಗಿ ಕಾರು ಕೊಡಿ ಎಂದು ಒತ್ತಾಯಿಸಿದರು. 1974ರಲ್ಲಿ ಬ್ಯಾರನೆಸ್ ಶಾರ್ಪ್ ಅವರ ವರದಿ ತ್ರಿಚಕ್ರಗಳ ಬದಲು ಕಾರು ಬೇಕೆಂಬ ವಾದವನ್ನು ಒಪ್ಪಿತು. ಆದರೆ ಸರ್ಕಾರ ಬೇರೊಂದು ದಾರಿ ಹಿಡಿಯಿತು. 1976ರಿಂದ ಗಾಡಿಯ ಬದಲು ಹಣವನ್ನೇ ಸಂಚಾರ ಭತ್ಯೆಯಾಗಿ ಕೊಡಲಾರಂಭಿಸಿತು, ವಾರಕ್ಕೆ 5 ಪೌಂಡ್. ಗಾಡಿ ಓಡಿಸಲು ಆಗದವರಿಗೂ ಈ ಭತ್ಯೆ ಸಿಕ್ಕಿದ್ದು ದೊಡ್ಡ ಬದಲಾವಣೆ. ಆದರೆ ಅಷ್ಟು ಹಣದಲ್ಲಿ ಕಾರು ಕೊಳ್ಳುವುದು ಹೇಗೆ? ಈ ಕಂದಕ ತುಂಬಲು 1977ರಲ್ಲಿ ಮೋಟಬಿಲಿಟಿ ಎಂಬ ಸಂಸ್ಥೆ ಹುಟ್ಟಿತು. ಭತ್ಯೆಯನ್ನು ಸಂಸ್ಥೆಗೆ ಬಿಟ್ಟುಕೊಟ್ಟರೆ ಕಾರನ್ನು ಗುತ್ತಿಗೆಯ ಮೇಲೆ ಪಡೆಯಬಹುದಿತ್ತು. ಎಲ್ಲರೂ ಓಡಿಸುವಂಥ ಸಾಮಾನ್ಯ ಕಾರನ್ನೇ ಆರಿಸಿ, ಅದಕ್ಕೆ ತಮ್ಮ ದೇಹಕ್ಕೆ ಬೇಕಾದ ಕೈನಿಯಂತ್ರಣಗಳನ್ನು ಜೋಡಿಸಿಕೊಳ್ಳುವ ದಾರಿ ತೆರೆಯಿತು. ಹಳೆಯ ತ್ರಿಚಕ್ರಗಳನ್ನು ಬಿಡಲೊಲ್ಲದವರೂ ಇದ್ದರು. 2003ರ ಮಾರ್ಚ್ 31ರಂದು, ಸುರಕ್ಷತೆಯ ಕಾರಣಕ್ಕೆ, ಸರ್ಕಾರದ ಒಡೆತನದಲ್ಲಿ ಉಳಿದಿದ್ದ ಗಾಡಿಗಳೂ ರಸ್ತೆಯಿಂದ ಮರೆಯಾದವು.

ಈ ಚರಿತ್ರೆಯ ಒಂದು ಎಳೆ ನಮ್ಮಲ್ಲಿಗೂ ಚಾಚಿಕೊಂಡಿದೆ. ಬ್ರಿಟಿಷರ ಕಾನೂನಿನ ‘ಇನ್‌ವ್ಯಾಲಿಡ್ ಕ್ಯಾರಿಯೇಜ್’ ಎಂಬ ಪದ ಭಾರತದ 1939ರ ಮೋಟಾರು ವಾಹನ ಕಾಯ್ದೆಗೆ ಬಂದು, 1988ರ ಕಾಯ್ದೆಯಲ್ಲೂ ಉಳಿಯಿತು. ಅಂಥ ವಾಹನ ವಿಶೇಷವಾಗಿಯೇ ನಿರ್ಮಾಣಗೊಂಡಿರಬೇಕು, ಬರಿದೇ ಮಾರ್ಪಡಿಸಿದ್ದಾಗಿರಬಾರದು ಎಂಬುದು ಅದರ ವ್ಯಾಖ್ಯೆ. ನಮ್ಮ ಬೀದಿಗಳಲ್ಲಿ ಓಡಾಡುವುದಾದರೋ ಹಿಂದೆ ಎರಡು ಪುಟ್ಟ ಚಕ್ರ ಕೂಡಿಸಿದ ಸ್ಕೂಟರುಗಳು! ಅಕ್ಷರಕ್ಕೆ ಅಂಟಿಕೊಂಡು ಓದಿದರೆ ಅವು ಆ ವ್ಯಾಖ್ಯೆಯ ಹೊಸ್ತಿಲಾಚೆಗೇ ನಿಲ್ಲಬೇಕಿತ್ತು. 2019ರ ತಿದ್ದುಪಡಿ ಹಳೆಯ ಪದವನ್ನು ತೆಗೆದು ‘ಮಾರ್ಪಡಿಸಿದ ವಾಹನ’ ಎಂಬ ಅರ್ಥದ ಪದವನ್ನು ತಂದಿತು. ಇರುವ ವಾಹನವನ್ನೇ ಬದಲಾಯಿಸಿಕೊಂಡು, ಆಮೇಲೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಲು ಅದು ಅವಕಾಶ ಕೊಡುತ್ತದೆ.

ಪದ ಬದಲಾದದ್ದು ಚಿಕ್ಕ ಸಂಗತಿಯೇನಲ್ಲ. ‘ಇನ್‌ವ್ಯಾಲಿಡ್’ ಎಂಬುದು ಮನುಷ್ಯನಿಗೆ ಅಂಟಿಸಿದ ಹೆಸರು. ಮಾರ್ಪಾಡು ಎಂಬುದು ಗಾಡಿಗೆ ಮಾಡಿದ ಕೆಲಸ. ಆದರೂ ಹಳೆಯ ವ್ಯಾಖ್ಯೆಯ ಒಂದು ತುಣುಕು ಹೊಸದರಲ್ಲೂ ಉಳಿದುಕೊಂಡಿದೆ: ಆ ವಾಹನದ ಬಳಕೆ ಅಂಥ ವ್ಯಕ್ತಿಯಿಂದ ಅಥವಾ ಅಂಥ ವ್ಯಕ್ತಿಗಾಗಿ ‘ಮಾತ್ರ’. ಮನೆಯವರೆಲ್ಲ ಸೇರಿ ಬಳಸುವ ಒಂದೇ ಕಾರು ಈ ಮಾತಿಗೆ ಹೇಗೆ ಹೊಂದೀತು? ಒಂಟಿ ಸೀಟಿನ ಗಾಡಿ ವಸ್ತುಸಂಗ್ರಹಾಲಯ ಸೇರಿ ವರ್ಷಗಳಾದವು. ಅದನ್ನು ಕಟ್ಟಿಸಿದ ‘ಮಾತ್ರ’ ಇನ್ನೂ ಪುಸ್ತಕದಲ್ಲಿದೆ.