ಐನೂರು ಪೌಂಡಿನ ಕಿಟಕಿ

ಅಸ್ವಸ್ಥರನ್ನು ನೋಡಲು ಆಸ್ಪತ್ರೆಗೆ ಹೋಗುವಾಗ ನಾವು ಎಳನೀರನ್ನೋ ಕಿತ್ತಳೆ ಹಣ್ಣನ್ನೋ ಕೊಂಡೊಯ್ಯುತ್ತೇವೆ. ಮಂಚದ ಬಳಿ ನಿಂತು ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎನ್ನುತ್ತೇವೆ. ಏನಾಗಲಿದೆ ಎಂಬುದು ಎಷ್ಟೋ ವೇಳೆ ಮಲಗಿರುವವರಿಗೂ ಗೊತ್ತು, ನಿಂತಿರುವವರಿಗೂ ಗೊತ್ತು. ಮುಂದೆ ಮಾತು ಹೊರಡುವುದಿಲ್ಲ. ಗುಣವಾಗದ ಕಾಯಿಲೆಯವರ ಎದುರಿನ ಈ ಸಂಕಟಕ್ಕೆ 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಸಾಯುತ್ತಿದ್ದ ಬಡವನೊಬ್ಬನೇ ದಾರಿ ತೋರಿಸಿದನು.

ಅವನ ಹೆಸರು ಡೇವಿಡ್ ತಾಸ್ಮಾ. ಪೋಲೆಂಡಿನ ವಾರ್ಸಾದಿಂದ ಬಂದ ಯೆಹೂದ್ಯ. ಹೋಟೆಲಿನಲ್ಲಿ ಮಾಣಿಯಾಗಿ ದುಡಿದವನು. ವಯಸ್ಸು ನಲವತ್ತು, ಶಸ್ತ್ರಚಿಕಿತ್ಸೆಗೆ ನಿಲುಕದ ಕ್ಯಾನ್ಸರ್, ಬಳಿಯಲ್ಲಿ ಬಂಧುಗಳಿಲ್ಲ. ಅವನನ್ನು ನೋಡಲು ಬರುತ್ತಿದ್ದವರು ಸಿಸಿಲಿ ಸಾಂಡರ್ಸ್. 1918ರಲ್ಲಿ ಜನಿಸಿದ ಆಕೆ ಮಹಾಯುದ್ಧದ ಕಾಲದಲ್ಲಿ ದಾದಿಯಾಗಿದ್ದರು. ಬೆನ್ನುನೋವಿನಿಂದಾಗಿ ಆ ಕೆಲಸ ಬಿಟ್ಟು, ರೋಗಿಗಳ ಕಷ್ಟಸುಖ ವಿಚಾರಿಸುವ ಸಮಾಜಸೇವಕಿಯಾಗಿದ್ದರು.

ಒಂದು ದಿನ ತಾಸ್ಮಾ ಸಮಾಧಾನದ ಮಾತೇನಾದರೂ ಹೇಳಿರೆಂದು ಬೇಡಿದನು. ಸಾಂಡರ್ಸ್ ತಮಗೆ ಬಾಯಿಪಾಠವಾಗಿದ್ದ 23ನೆಯ ಕೀರ್ತನೆಯನ್ನು ಹೇಳಿದರು. ಇನ್ನಷ್ಟನ್ನು ಪುಸ್ತಕದಿಂದ ಓದಲೇ ಎಂದು ಕೇಳಿದಾಗ ಅವನು ಬೇಡವೆಂದನು. ಅವನಿಗೆ ಬೇಕಾಗಿದ್ದುದು ಆಕೆಯ ಮನಸ್ಸಿನಲ್ಲೂ ಹೃದಯದಲ್ಲೂ ಇದ್ದುದು ಮಾತ್ರ. ಸಾಯುವವರಿಗಾಗಿ ಒಂದು ಮನೆ ಬೇಕೆಂದು ಇಬ್ಬರೂ ಮಾತನಾಡಿಕೊಂಡಿದ್ದರು. ಆ ಮನೆಯಲ್ಲಿ ತಾನೊಂದು ಕಿಟಕಿಯಾಗುವೆನೆಂದು ಹೇಳಿ, ಅವನು ಆಕೆಯ ಹೆಸರಿಗೆ 500 ಪೌಂಡು ಬರೆದಿಟ್ಟನು. ತನ್ನ ಪಿತೃಗಳ ದೇವರೊಡನೆ ಸಮಾಧಾನ ಮಾಡಿಕೊಂಡಿರುವುದಾಗಿ ತಿಳಿಸಿ ಕಣ್ಣುಮುಚ್ಚಿದನು. ಸಾಂಡರ್ಸ್ ಭಕ್ತಿವಂತ ಕ್ರೈಸ್ತರು. ಆತನು ಯೆಹೂದ್ಯನಾಗಿಯೇ ತೀರಿಕೊಂಡನು. ಇದನ್ನು ಅವರು ಸೋಲೆಂದು ಎಣಿಸಲಿಲ್ಲ. ರೋಗಿಯ ದುರ್ಬಲ ಗಳಿಗೆಯನ್ನು ಮತಪ್ರಚಾರದ ಅವಕಾಶವೆಂದು ಬಗೆಯುವವರು ಈ ಸಂಗತಿಯನ್ನು ನಿಧಾನವಾಗಿ ಓದಬೇಕು.

ಆದರೆ ಪ್ರಾರ್ಥನೆಯೊಂದೇ ಸಾಲದೆಂಬುದೂ ಆಕೆಗೆ ತಿಳಿದಿತ್ತು. ಸಾಯುವವರನ್ನು ಕೈಬಿಡುವವರು ವೈದ್ಯರೇ, ಆದ್ದರಿಂದ ನೀವು ವೈದ್ಯೆಯಾಗಿರಿ ಎಂದು ಶಸ್ತ್ರವೈದ್ಯರೊಬ್ಬರು ಸಲಹೆಯಿತ್ತರು. ಮೂವತ್ತು ದಾಟಿದ ಮೇಲೆ ವೈದ್ಯಶಾಸ್ತ್ರಕ್ಕೆ ಸೇರಿ 1957ರಲ್ಲಿ ಪದವಿ ಪಡೆದರು. ಮರುವರ್ಷ ಐರಿಷ್ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸಂತ ಜೋಸೆಫರ ಶುಶ್ರೂಷಾಲಯದಲ್ಲಿ ಕೆಲಸ ಆರಂಭಿಸಿದರು. ನೋವು ಮರುಕಳಿಸಿ ರೋಗಿ ಚೀರುವವರೆಗೆ ಕಾಯದೆ, ಗಂಟೆಗೆ ಸರಿಯಾಗಿ ಮಾರ್ಫಿನ್ ಕೊಡುವ ಕ್ರಮವನ್ನು ಅಲ್ಲಿ ರೂಢಿಸಿದರು. ನೋವಿನಿಂದ ಹೊರಳಾಡುವವರಿಗೆ ಶಿಲುಬೆಯ ಮಹಿಮೆಯನ್ನು ಬೋಧಿಸುವುದು ಸುಲಭ. ಮೊದಲು ನೋವು ಇಳಿಯಲಿ ಎಂಬುದು ಆಕೆಯ ನಿಲುವು. ನನಗೂ ಅದೇ ಸರಿಯೆನಿಸುತ್ತದೆ.

ಅಲ್ಲಿ ಒಬ್ಬ ಮಹಿಳೆಯನ್ನು ನೋವಿನ ಬಗ್ಗೆ ವಿಚಾರಿಸಿದಾಗ, ಬೆನ್ನಿನಲ್ಲಿ ಆರಂಭವಾದುದು ಈಗ ತನ್ನನ್ನೆಲ್ಲ ಆವರಿಸಿದೆ ಎಂಬರ್ಥದ ಉತ್ತರ ಬಂದಿತು. ಗಂಡನೂ ಮಗನೂ ಕೆಲಸ ಬಿಟ್ಟು ಕೂರಬೇಕಾದ ಚಿಂತೆ, ತನ್ನನ್ನು ಅರಿಯುವವರಿಲ್ಲವೆಂಬ ಕೊರಗು, ಎಲ್ಲವೂ ಆ ಉತ್ತರದಲ್ಲಿದ್ದವು. ದೇಹ, ಮನಸ್ಸು, ಸಂಸಾರ, ಆತ್ಮ ಎಂದು ಬೇರ್ಪಡಿಸಲಾಗದ ಇದನ್ನು ಸಾಂಡರ್ಸ್ 1964ರಲ್ಲಿ ‘ಸಮಗ್ರ ನೋವು’ ಎಂದು ಕರೆದರು.

1967ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನಲ್ಲಿ ಆ ಮನೆ ತೆರೆಯಿತು. ಕ್ರಿಸ್ಟೋಫರರು ಪಯಣಿಗರ ಪಾಲಕರಲ್ಲವೇ? ತಾಸ್ಮಾನ ಕಿಟಕಿ ಬಾಗಿಲ ಬಳಿಯೇ ಇದೆ. ಅದರ ಸುತ್ತ ಮನೆ ಕಟ್ಟಲು 19 ವರ್ಷ ಹಿಡಿಯಿತೆಂದು ಸಾಂಡರ್ಸ್ ಹೇಳುತ್ತಿದ್ದರು. ಯಾವ ಧರ್ಮದವರಿಗೂ, ಧರ್ಮವಿಲ್ಲದವರಿಗೂ ಅಲ್ಲಿ ಮಂಚವಿತ್ತು. ತಮ್ಮ ಕೆಲಸದ ತಿರುಳನ್ನು ಅವರು ಗೆತ್ಸೆಮನಿ ತೋಪಿನಲ್ಲಿ ಕಂಡರು: ಆ ರಾತ್ರಿ ಯೇಸು ಶಿಷ್ಯರಿಂದ ವಿವರಣೆಯನ್ನಾಗಲಿ ಪರಿಹಾರವನ್ನಾಗಲಿ ಬಯಸಲಿಲ್ಲ, ತಮ್ಮೊಡನೆ ಎಚ್ಚರವಾಗಿರಲು ಮಾತ್ರ ಕೇಳಿಕೊಂಡರು.

ಅದೇ ವರ್ಷಗಳಲ್ಲಿ ಧರ್ಮಸಭೆಯಲ್ಲಿಯೂ ಒಂದು ಬದಲಾವಣೆಯಾಯಿತು. ‘ಅಂತಿಮ ಅಭ್ಯಂಗ’ವನ್ನು ‘ಅಸ್ವಸ್ಥರ ಅಭ್ಯಂಗ’ವೆಂದು ಕರೆಯುವುದೇ ಮೇಲು, ಅದು ಮರಣದ ಅಂಚಿನಲ್ಲಿರುವವರಿಗೆ ಮಾತ್ರವಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಾರಿತು. ಆದರೂ ‘ಗುರುಗಳನ್ನು ಕರೆದರೆ ಅಪ್ಪ ಹೆದರಿಬಿಡುತ್ತಾರೆ’ ಎಂದು ಪ್ರಜ್ಞೆ ತಪ್ಪುವವರೆಗೆ ಕಾಯುವ ಮನೆಗಳು ಇನ್ನೂ ಇವೆ. ಅಪ್ಪನನ್ನೇ ಯಾರೂ ಕೇಳಿರುವುದಿಲ್ಲ.

ನಮ್ಮ ದೇಶದಲ್ಲಿ ಇಂಥ ಮೊದಲ ಮನೆ, ಶಾಂತಿ ಅವೇದನಾ, ಮುಂಬಯಿಯಲ್ಲಿ 1986ರಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ.

ಸಾಂಡರ್ಸ್ ತಾವು ಕಟ್ಟಿದ ಮನೆಯಲ್ಲಿಯೇ, ತಾವೂ ಕ್ಯಾನ್ಸರ್ ರೋಗಿಯಾಗಿ, 2005ರ ಜುಲೈ 14ರಂದು ನಿಧನರಾದರು. ಅಂದು ಅಸ್ವಸ್ಥರ ಪಾಲಕ ಸಂತ ಕ್ಯಾಮಿಲಸರ ಸ್ಮರಣೆಯ ದಿನ.